ಚಾ ಹಾಕಿದ ಜಿನ್ನು, ಕಾಕಂಬಿ ಮತ್ತು ನಮ್ಮವ್ವ

ಜಿನ್ನಿನಲ್ಲಿ ಚಾ ಎಲೆ ಹಾಕುತ್ತಾರೆ ಅಂತ ನಮ್ಮ ಏಕಸಂಬಿಯಲ್ಲಿ ಹೇಳಿದರೆ ಮೊದಲು ಯಾರೂ ನಂಬುವುದಿಲ್ಲ. ನಂಬಿದ ಮೇಲೆ "ಚಾನೂ ಕೆಡಸಿದ್ರು, ಅದನ್ನೂ ಕೆಡಸಿದ್ರು" ಅಂತಾರೆ. ನಮ್ಮ ಕಡೆ ಚಾ ಅಂದರೆ ಪುಡಿ, ಹಾಲು, ಕೈ ಬಿಚ್ಚಿ ಹಾಕಿದ ಸಕ್ಕರೆ, ಜಜ್ಜಿದ ಒಂದು ಚೂರು ಶುಂಠಿ, ಎಲ್ಲ ಒಟ್ಟಿಗೆ ಸೇರಿಸಿ ಬಣ್ಣ ಬರುವ ತನಕ ಕುದಿಸಿದ್ದು. ಸಕ್ಕರೆ ಕಡಿಮೆ ಬಿದ್ದರೆ ಕಬ್ಬು ಬೆಳೆಯುವ ಊರಿನವರಾಗಿ ನಮಗೇ ಅವಮಾನ :) ಅಂಥ ಚಾವನ್ನು ಸೆರೆಯ ಜತೆ ಸೇರಿಸಿ, ಅದೂ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ತಿಂಡಿ ತಿನ್ನುತ್ತಾ ಕುಡಿಯುತ್ತಾರೆ ಅಂದರೆ ಯಾರು ನಂಬಬೇಕು ಹೇಳಿ?

ಆದರೆ ಕಳೆದ ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಇದೊಂದೇ ವಿಷಯ. ಊರಿಗೆ ಫೋನ್ ಮಾಡಿದರೆ ಮೊದಲು ಮಳೆ, ಆಮೇಲೆ ಕಬ್ಬು, ಆಮೇಲೆ ಜಿನ್ನು. ಮದ್ಯ ಮುಟ್ಟದ ಜೈನರ ಮನೆಯಲ್ಲಿ!

ಸಂಗತಿ ಇಷ್ಟು. ನನ್ನ ಅಕ್ಕನ ಮಗಳು (ಹೆಸರು ಬರೆದರೆ ಬೈತಾಳೆ, ಬೇಡ) ಮೈಕ್ರೊಬಯಾಲಜಿ ಓದಿದಳು. ಆಮೇಲೆ ಹುದುಗು ಬರಿಸುವುದು, ಮದ್ಯಸಾರ ಭಟ್ಟಿ ಇಳಿಸುವುದು, ಇದರದೇ ಕೋರ್ಸು ಮಾಡಿದಳು. ಪುಣೆ ಹತ್ತಿರ ಮಾಂಜರಿಯ ವಸಂತದಾದಾ ಸಕ್ಕರೆ ಸಂಸ್ಥೆಯಂಥ ಕಡೆ ಇದನ್ನೆಲ್ಲ ಶಾಸ್ತ್ರೋಕ್ತವಾಗಿ ಕಲಿಸುತ್ತಾರೆ. ಅವಳು ಓದುವಾಗ ಮನೆಯಲ್ಲಿ ಒಬ್ಬರೂ ತಕರಾರು ಮಾಡಲಿಲ್ಲ. "ಫ್ಯಾಕ್ಟರಿಯಾಗ ಕೆಮಿಸ್ಟ್ ಆಗ್ತಾಳ" ಅಂತ ಊರಲ್ಲೆಲ್ಲ ಹೇಳಿಕೊಂಡು ತಿರುಗಿದರು. ಈಗ ಅವಳಿಗೆ ಗೋವಾದ ಒಂದು ಸಣ್ಣ ಜಿನ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಲ್ಯಾಬಿನಲ್ಲಿ ಕೂತು, ಹೊಸದಾಗಿ ತರಲಿರುವ ಚಹಾ ಪರಿಮಳದ ಜಿನ್ನಿಗೆ ಯಾವ ಎಲೆ, ಎಷ್ಟು ಹೊತ್ತು ನೆನೆಸಬೇಕು ಅಂತ ಗೊತ್ತು ಮಾಡುವ ಕೆಲಸ. ಸಂಬಳ ಚೆನ್ನಾಗಿದೆ. ನಮ್ಮವ್ವ ಮಾತ್ರ ಬೇಡ ಅಂತ ಕೂತಿದ್ದಾಳೆ.

"ಸಕ್ಕರಿ ಫ್ಯಾಕ್ಟರಿ ಬ್ಯಾರೆ. ಇದು ನೇರ ಸೆರೆ ಮಾಡೂದು" ಅನ್ನುವುದು ಅವಳ ವಾದ.

ಏಕಸಂಬಿ ಎಲ್ಲಿದೆ ಅಂತ ಕೇಳುವವರಿಗೆ ಒಂದು ಮಾತು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕು, ದೂಧಗಂಗಾ ನದಿ ದಂಡೆ. ಸೇತುವೆ ದಾಟಿದರೆ ದಾನವಾಡ, ಅಂದರೆ ಮಹಾರಾಷ್ಟ್ರ. ಬೋರ್ಡುಗಳ ಮೇಲೆ ಒಂದು ಕಡೆ ಏಕಸಂಬಾ, ಇನ್ನೊಂದು ಕಡೆ ಯಕ್ಸಂಬಾ. ನಮ್ಮ ಬಾಯಲ್ಲಿ ಕನ್ನಡ, ಮರಾಠಿ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ. ಊರಲ್ಲಿ ನೇಮಿನಾಥ ಬಸದಿ ಇದೆ, ಹನ್ನೆರಡನೆಯ ಶತಮಾನದ ಶಾಸನವೂ ಇದೆ. ಸುತ್ತಮುತ್ತ ಕಣ್ಣು ಹಾಯುವವರೆಗೆ ಕಬ್ಬು. ಬೆಳೆಯುವವರಲ್ಲಿ ಜೈನರು, ಲಿಂಗಾಯತರು ಬಹಳ. ಜೈನ ಶ್ರಾವಕನಾದವನು ಬಿಡಬೇಕಾದ ಮೂರು 'ಮ'ಗಳನ್ನು ನಮಗೆ ಸಣ್ಣವರಿದ್ದಾಗಲೇ ಬಾಯಿಪಾಠ ಮಾಡಿಸುತ್ತಾರೆ. ಮದ್ಯ, ಮಾಂಸ, ಮಧು. ಮಧು ಅಂದರೆ ಜೇನುತುಪ್ಪ. ಜೇನೇ ಮುಟ್ಟದ ಮನೆಯ ಹುಡುಗಿ ಜಿನ್ನು ಮಾಡುತ್ತೇನೆ ಅಂದರೆ ಗದ್ದಲ ಆಗದೆ ಇರುತ್ತದೆಯೆ?

ಅಂದ ಹಾಗೆ ನಾನೂ ಕುಡಿಯುವವನಲ್ಲ. ಬೆಂಗಳೂರಿಗೆ ಬಂದು ಇಷ್ಟು ವರ್ಷ ಆದರೂ ಆ ಕಡೆ ಹೋಗಲಿಲ್ಲ. ಆದರೆ ಮೂಸಿ ನೋಡುವುದಕ್ಕೆ ಯಾವ ವ್ರತವೂ ಅಡ್ಡ ಬರುವುದಿಲ್ಲವಲ್ಲ. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಒಂದು ಬಾಟಲಿ ತೆರೆದು ಮೂಗಿನ ಹತ್ತಿರ ಹಿಡಿದರು. ಮೊದಲು ಬರುವುದು ಜುನಿಪರ್ ಎಂಬ ಕಾಯಿಯ ವಾಸನೆ, ಸ್ವಲ್ಪ ಕರ್ಪೂರ, ಸ್ವಲ್ಪ ದೇವದಾರು ಮರ ಕೊಯ್ದ ಹಾಗೆ. ಅದರ ಹಿಂದೆ ನಿಂಬೆ ಸಿಪ್ಪೆ, ಧನಿಯಾ. ಎಲ್ಲದರ ಕೊನೆಗೆ, ಮಳೆ ಬಿದ್ದ ಮರುದಿನ ಹುಲ್ಲಿನ ಬಣವೆಯ ಹತ್ತಿರ ಬರುತ್ತದಲ್ಲ, ಆ ಥರದ್ದು ಒಂದು. ಅದೇ ಚಹಾ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು.

ಜಿನ್ನು ಅಂದರೆ ಏನು ಅಂತ ಸೊಸಿ ನನಗೆ ಫೋನಿನಲ್ಲಿ ಬಿಡಿಸಿ ಹೇಳಿದ್ದು ಹೀಗೆ. ಮೊದಲು ಯಾವ ರುಚಿಯೂ ವಾಸನೆಯೂ ಇಲ್ಲದ ಹಾಗೆ ಶುದ್ಧ ಮಾಡಿದ ಮದ್ಯಸಾರ ಬೇಕು. ಅದರಲ್ಲಿ ಜುನಿಪರ್ ಕಾಯಿ, ಧನಿಯಾ, ಸಿಪ್ಪೆ, ಬೇರು, ಏಲಕ್ಕಿ ಇತ್ಯಾದಿ ಹಾಕಿ ಮತ್ತೆ ಭಟ್ಟಿ ಇಳಿಸುತ್ತಾರೆ. ಜುನಿಪರ್ ಇಲ್ಲದಿದ್ದರೆ ಜಿನ್ನು ಅನ್ನುವಂತಿಲ್ಲ. ಉಳಿದದ್ದು ಮಾಡುವವರ ಇಷ್ಟ. "ಮಾಮಾ, ಮಸಾಲಿ ಕುಟ್ಟಿದಂಗ ಇದು. ಖಾರ ಎಲ್ಲಾರ್ದೂ ಒಂದ, ಮಸಾಲಿ ಒಬ್ಬೊಬ್ಬರ ಮನ್ಯಾಗ ಒಂದೊಂದು ಥರಾ" ಅಂದಳು.

ಆ ಮಸಾಲೆಯಲ್ಲಿ ಚಹಾ ಸೇರಿದ್ದರ ಕತೆ ಸ್ವಾರಸ್ಯವಾಗಿದೆ. ಲಂಡನ್ನಿನ ಬೀಫ್‌ಈಟರ್ ಜಿನ್ನಿನ ಮುಖ್ಯಸ್ಥ ಡೆಸ್ಮಂಡ್ ಪೇನ್ ಜಪಾನಿಗೆ ಹೋದಾಗ ಅಲ್ಲಿನ ಟಾನಿಕ್ ನೀರಿನಲ್ಲಿ ಕ್ವಿನೈನ್ ಇರಲಿಲ್ಲವಂತೆ. ಕಹಿ ಇಲ್ಲದ ಟಾನಿಕ್ ಅವರಿಗೆ ರುಚಿಸಲಿಲ್ಲ. ಜಿನ್ನನ್ನು ಅಲ್ಲಿನ ತಣ್ಣನೆಯ ಚಹಾದ ಜತೆ ಬೆರೆಸಿ ನೋಡಿದರು. ಅದರಿಂದ ಹುಟ್ಟಿದ್ದು 2008ರಲ್ಲಿ ಬಂದ ಬೀಫ್‌ಈಟರ್ 24. ಜಪಾನಿನ ಸೆಂಚಾ, ಚೀನಾದ ಹಸಿರು ಚಹಾ, ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ಸಿಪ್ಪೆ ಎಲ್ಲ ಅದರಲ್ಲಿ ಇವೆ. ಭಟ್ಟಿ ಇಳಿಸುವ ಮೊದಲು ಇಪ್ಪತ್ತನಾಲ್ಕು ಗಂಟೆ ನೆನೆಸುತ್ತಾರೆ, ಹೆಸರಿನ 24 ಅದೇ. ಅದಕ್ಕೂ ಮೊದಲೇ ನ್ಯೂಯಾರ್ಕಿನಲ್ಲಿ ಆಡ್ರಿ ಸಾಂಡರ್ಸ್ ಎಂಬಾಕೆ ಅರ್ಲ್ ಗ್ರೇ ಚಹಾ ಎಲೆಯನ್ನು ಜಿನ್ನಿನಲ್ಲಿ ನೆನೆಸಿ, ಸೋಸಿ, ನಿಂಬೆ ರಸ, ಸಕ್ಕರೆ ಪಾಕ, ಮೊಟ್ಟೆಯ ಬಿಳಿ ಹಾಕಿ 'ಮಾರ್ಟೀನಿ' ಅಂತ ಶ್ಲೇಷೆಯ ಹೆಸರಿಟ್ಟು ಕೊಡುತ್ತಿದ್ದರು.

ನಮ್ಮ ದೇಶದಲ್ಲಿ ಈ 'ಕ್ರಾಫ್ಟ್' ಜಿನ್ನಿನ ಗಾಳಿ ಶುರುವಾಗಿದ್ದು 2017ರಲ್ಲಿ, ಗೋವಾದಲ್ಲಿ 'ಗ್ರೇಟರ್ ದ್ಯಾನ್' ಬಂದಾಗಿನಿಂದ. ಆಮೇಲೆ ಸಾಲು ಸಾಲು ಬಂದವು. ಡಾರ್ಜಿಲಿಂಗ್ ಚಹಾ ಹಾಕಿದ್ದು ಒಂದಿದೆ. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನವರು, 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಶುರು ಮಾಡಿದ ಅದೇ ಕಂಪನಿಯವರು, 'ನೀಲಗಿರೀಸ್' ಅಂತ ಒಂದು ಜಿನ್ನು ಮಾಡಿದ್ದಾರೆ. ಅದರಲ್ಲಿ ನೀಲಗಿರಿಯ ಚಹಾ ಇದೆ, ವೀಳ್ಯದೆಲೆಯೂ ಇದೆ. ಊಟ ಆದ ಮೇಲೆ ಹಾಕುವ ಎಲೆ ಊಟಕ್ಕೆ ಮುಂಚೆ ಹೊಟ್ಟೆಗೆ ಹೋಗುತ್ತದೆ ಅಂದುಕೊಳ್ಳಿ :)

ಚಹಾ ಜತೆ ಕೆಲಸ ಮಾಡುವುದು ಸುಲಭ ಅಲ್ಲವಂತೆ. ಚಹಾದಲ್ಲಿ ಒಗರು ಇದೆ, ಅದಕ್ಕೆ ಟ್ಯಾನಿನ್ ಅಂತಾರೆ. ಎಲೆಯನ್ನು ಮದ್ಯಸಾರದಲ್ಲಿ ಬಹಳ ಹೊತ್ತು ಬಿಟ್ಟರೆ ಪರಿಮಳದ ಜತೆ ಒಗರೂ ಇಳಿದು ನಾಲಿಗೆ ಹಿಡಿಯುತ್ತದೆ. ಆದ್ದರಿಂದ ಎರಡು ದಾರಿ. ನೆನೆಸುವುದಾದರೆ ಬೇಗ ಸೋಸಿಬಿಡಬೇಕು. ಒಂದು ಬಾಟಲಿಗೆ ನಾಲ್ಕು ದೊಡ್ಡ ಚಮಚ ಎಲೆ, ಎರಡು ಗಂಟೆ, ಅಷ್ಟೇ. ಇಲ್ಲವಾದರೆ ನೆನೆಸಿದ್ದನ್ನು ಭಟ್ಟಿ ಇಳಿಸಬೇಕು. ಆವಿಯ ಜತೆ ಪರಿಮಳ ಮೇಲೆ ಏರುತ್ತದೆ, ಒಗರು ಮತ್ತು ಬಣ್ಣ ಹಂಡೆಯಲ್ಲೇ ಉಳಿಯುತ್ತವೆ. ಮೊದಲನೆಯದು ಕಂದು ಬಣ್ಣದ್ದು, ಎರಡನೆಯದು ನೀರಿನ ಹಾಗೆ ಇರುತ್ತದೆ. ನಮ್ಮ ಚಾ ಅಂಗಡಿಯ ಹುಡಿ ಇದಕ್ಕೆ ನಡೆಯುವುದಿಲ್ಲ, ಹಾಲು ಸಕ್ಕರೆಯ ಎದುರು ನಿಲ್ಲಲಿ ಅಂತಲೇ ಅದನ್ನು ಕಡಕ್ ಆಗಿ ಮಾಡಿರುತ್ತಾರೆ. ಇಲ್ಲಿ ಬೇಕಾದ್ದು ಇಡೀ ಎಲೆ.

ಇನ್ನು ಬ್ರಂಚು. ಬ್ರೇಕ್‌ಫಾಸ್ಟ್ ಮತ್ತು ಲಂಚ್ ಸೇರಿಸಿ ಈ ಪದ ಮಾಡಿದ್ದು 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಬರಹಗಾರ. ಶನಿವಾರ ರಾತ್ರಿ ಜಾಸ್ತಿ ಆದವರಿಗೆ ಭಾನುವಾರ ಬೇಗ ಏಳುವ ಕಷ್ಟ ತಪ್ಪಲಿ ಅಂತ ಅವನ ವಾದ. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಈಗ ಭಾನುವಾರದ ಬ್ರಂಚ್ ಅಂದರೆ ಒಂದು ಹಬ್ಬ. ಅಂಥ ಹೊತ್ತಿಗೆ ರಾತ್ರಿಯ ಹಾಗೆ ಘಾಟಾದದ್ದು ಬೇಡ, ತೆಳ್ಳಗಿನದು ಬೇಕು. ಚಹಾ ಜಿನ್ನು, ನಿಂಬೆ ರಸ, ಜೇನು, ಮೇಲೆ ಸೋಡ. ಚಹಾದ ಒಗರು ಎಣ್ಣೆ ಜಿಡ್ಡಿನ ತಿಂಡಿಯ ಮೇಲೆ ನಾಲಿಗೆ ತೊಳೆದ ಹಾಗೆ ಮಾಡುತ್ತದೆ, ನಿಂಬೆ ಹುಳಿ ಅದನ್ನು ಎತ್ತಿ ಹಿಡಿಯುತ್ತದೆ. ಹೀಗೆ ಸೊಸಿ ವರ್ಣಿಸುವಾಗ ನನಗೆ ಬೇರೆ ಲೆಕ್ಕ ಓಡುತ್ತಿತ್ತು. ಮದ್ಯ ಒಂದು, ಮಧು ಒಂದು. ಎರಡು 'ಮ' ಒಂದೇ ಗ್ಲಾಸಿನಲ್ಲಿ! ನ್ಯೂಯಾರ್ಕಿನಾಕೆಯ ಹಾಗೆ ಮೊಟ್ಟೆಯನ್ನೂ ಹಾಕಿದರೆ ಮೂರನೆಯದರ ಹೊಸ್ತಿಲಿಗೂ ಹೋದ ಹಾಗೆ.

ಇರಲಿ. ನಾನು ಬರೆಯಬೇಕು ಅಂತ ಕೂತದ್ದು ಗ್ಲಾಸಿನ ಮೇಲಿನ ನಿಂಬೆ ಹೋಳಿನ ಬಗ್ಗೆ ಅಲ್ಲ, ಬುಡದ ಬಗ್ಗೆ.

ರುಚಿ ಇಲ್ಲದ ಆ ಶುದ್ಧ ಮದ್ಯಸಾರ ಎಲ್ಲಿಂದ ಬರುತ್ತದೆ? ಗೋಧಿ, ಅಕ್ಕಿ, ಮೆಕ್ಕೆಜೋಳದಿಂದಲೂ ಮಾಡುತ್ತಾರೆ. ಆದರೆ ನಮ್ಮ ದೇಶದಲ್ಲಿ ಬಹಳ ಕಾಲದಿಂದ ಅದರ ದೊಡ್ಡ ಮೂಲ ಕಾಕಂಬಿ. ಏಕಸಂಬಿ, ಕಾಕಂಬಿ. ಪ್ರಾಸ ತಾನಾಗೇ ಕೂಡಿ ಬಂತು ನೋಡಿ! ಗಾಣದಲ್ಲಿ ಬೆಲ್ಲ ಮಾಡುವಾಗ ಗಟ್ಟಿಯಾಗುವ ಮೊದಲು ತೆಗೆದ ಪಾಕಕ್ಕೆ ನಾವು ಕಾಕವಿ ಅಂತೀವಿ. ಅದು ರೊಟ್ಟಿಯ ಜತೆ ನೆಂಚಿಕೊಳ್ಳುವ ಅಮೃತ. ಕಾಕಂಬಿ ಬೇರೆ. ಫ್ಯಾಕ್ಟರಿಯಲ್ಲಿ ಕಬ್ಬಿನ ಹಾಲು ಕಾಯಿಸಿ ಸಕ್ಕರೆ ಹರಳು ತೆಗೆದು, ಮತ್ತೆ ತೆಗೆದು, ಇನ್ನು ಹರಳು ಕಟ್ಟಲಾರದು ಅನ್ನುವಾಗ ಉಳಿಯುವ ಕಪ್ಪನೆಯ ಅಂಟು. ಅದಕ್ಕೆ ನೀರು ಬೆರೆಸಿ ಯೀಸ್ಟ್ ಹಾಕಿದರೆ ಒಂದು ಒಂದೂವರೆ ದಿನದಲ್ಲಿ ಹುದುಗುತ್ತದೆ. ಹುದುಗಿದ್ದನ್ನು ಎತ್ತರದ ಕಂಬಗಳಲ್ಲಿ ಕಾಯಿಸಿ ಮದ್ಯಸಾರ ಬೇರೆ ಮಾಡುತ್ತಾರೆ. ಇನ್ನೂ ಶುದ್ಧ ಮಾಡಿದರೆ ನೂರಕ್ಕೆ 96 ಪಾಲು ಮದ್ಯಸಾರ ಇರುವ, ವಾಸನೆ ಇಲ್ಲದ ದ್ರವ. ಜಿನ್ನು ಮಾಡುವವರು ಕೊಳ್ಳುವುದು ಇಂಥದ್ದನ್ನೇ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಟನ್ನು ಕಬ್ಬು ಅರೆದರೆ ಸುಮಾರು ನೂರು ಕಿಲೋ ಸಕ್ಕರೆ, ನಲವತ್ತು ನಲವತ್ತೈದು ಕಿಲೋ ಕಾಕಂಬಿ. ಅಷ್ಟು ಕಾಕಂಬಿಯಿಂದ ಹತ್ತು ಲೀಟರಿನಷ್ಟು ಮದ್ಯಸಾರ. ಜಿನ್ನಿನ 750 ಮಿಲಿಲೀಟರ್ ಬಾಟಲಿಯಲ್ಲಿ ನೂರಕ್ಕೆ 43ರಷ್ಟು ಮದ್ಯಸಾರ ಅಂದುಕೊಂಡರೆ ಅದು ಮೂವತ್ತು ಬಾಟಲಿಗೆ ಸಾಲುತ್ತದೆ. ಅಂದರೆ ಕಾಕಂಬಿಯ ಒಂದು ಬಾಟಲಿ ಜಿನ್ನಿನ ಹಿಂದೆ ಮೂವತ್ತು ಕಿಲೋಗೂ ಹೆಚ್ಚು ಕಬ್ಬು ನಿಂತಿದೆ. ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುವ ದೊಡ್ಡ ಹೊರೆ. ಚಹಾ ಎಲೆ? ನಾಲ್ಕು ಚಮಚ.

ಬಾಟಲಿಯ ಚೀಟಿ ಓದಿ ನೋಡಿ. ಚಹಾ ಯಾವ ಬೆಟ್ಟದ್ದು, ಜುನಿಪರ್ ಯಾವ ದೇಶದ್ದು, ಕಿತ್ತಳೆ ಸಿಪ್ಪೆ ಯಾವ ಊರಿನದು ಅಂತ ಕವಿತೆಯ ಹಾಗೆ ಬರೆದಿರುತ್ತಾರೆ. ಮದ್ಯಸಾರ ಯಾವ ಹೊಲದ್ದು ಅಂತ ಇರುವುದಿಲ್ಲ. ಕೆಲವರು "ನಮ್ಮದು ಧಾನ್ಯದ್ದು" ಅಂತ ಹೆಮ್ಮೆಯಿಂದ ಹೇಳುತ್ತಾರೆ. "ನಮ್ಮದು ಕಾಕಂಬಿಯದು" ಅಂತ ಹೇಳಿಕೊಂಡ ಜಿನ್ನನ್ನು ನಾನಂತೂ ನೋಡಿಲ್ಲ. ಕಾಕಂಬಿ ಅಂದರೆ ಅಗ್ಗ ಅಂತ ಒಂದು ಭಾವನೆ. ಕಾಕಂಬಿಯಿಂದ ಮಾಡಿದ ನಮ್ಮ ವಿಸ್ಕಿಯನ್ನು ಯುರೋಪಿನಲ್ಲಿ ವಿಸ್ಕಿ ಅಂತ ಮಾರುವ ಹಾಗೇ ಇಲ್ಲ. ಹಾಗಂತ ಕಬ್ಬನ್ನು ಯಾರೂ ಮೆರೆಸಿಲ್ಲ ಅಂತಲ್ಲ, ಅಮೃತ್‌ನವರು 'ಟೂ ಇಂಡೀಸ್' ಎಂಬ ರಮ್ಮಿಗೆ ಬೆಲ್ಲ ಬಳಸುತ್ತಾರೆ, ಅದನ್ನು ಹೇಳಿಯೂ ಹೇಳುತ್ತಾರೆ. ರಮ್ಮಿನಲ್ಲಿ ಕಬ್ಬಿಗೆ ಮರ್ಯಾದೆ ಇದೆ. ಜಿನ್ನಿನಲ್ಲಿ ಅದರ ಕೆಲಸವೇ ತಾನು ಇದ್ದೇನೆ ಅಂತ ಗೊತ್ತಾಗದ ಹಾಗೆ ಇರುವುದು.

ನನಗೆ ಸಿಟ್ಟು ಬಂದದ್ದು ಇದಕ್ಕೇ. 2025ರ ನವೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಗೆ ಕೂತರು. ಟನ್ನು ಕಬ್ಬಿಗೆ 3,500 ರೂಪಾಯಿ ಕೊಡಿ ಅಂತ ಬೇಡಿಕೆ. ಕೊನೆಗೆ ಸರ್ಕಾರ ಮಧ್ಯೆ ಬಂದು 3,300ಕ್ಕೆ ನಿಂತಿತು. ಇನ್ನೂರು ರೂಪಾಯಿಯ ಜಗ್ಗಾಟ. ಬೆಂಗಳೂರಿನಲ್ಲಿ ಒಳ್ಳೆಯ ಕ್ರಾಫ್ಟ್ ಜಿನ್ನಿನ ಒಂದೇ ಬಾಟಲಿಗೆ ಎರಡು ಮೂರು ಸಾವಿರ. ಅದರಲ್ಲಿ ಬಹಳಷ್ಟು ಸರ್ಕಾರದ ತೆರಿಗೆ, ಒಪ್ಪುತ್ತೇನೆ. ಫ್ಯಾಕ್ಟರಿಗಳ ಮದ್ಯಸಾರದಲ್ಲಿ ದೊಡ್ಡ ಪಾಲು ಈಗ ಎಥೆನಾಲ್ ಆಗಿ ಪೆಟ್ರೋಲಿಗೆ ಹೋಗುತ್ತದೆ, 2025ರಲ್ಲಿ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದೇ ಆಯಿತು, ಅದನ್ನೂ ಒಪ್ಪುತ್ತೇನೆ. ಆದರೂ ಚಹಾದ ಬೆಟ್ಟಕ್ಕೆ ಹೆಸರಿದೆ, ಕಬ್ಬಿನ ಹೊಲಕ್ಕೆ ಇಲ್ಲ.

ಇದನ್ನೆಲ್ಲ ದೀಪಾವಳಿಗೆ ಊರಿಗೆ ಹೋದಾಗ ಅವ್ವನ ಮುಂದೆ ಹೇಳಿದೆ. ನನ್ನ ಉದ್ದೇಶ ಅವಳನ್ನು ಒಪ್ಪಿಸುವುದು. "ಅವ್ವಾ, ನಾವು ಪ್ರತಿ ವರ್ಷ ಕಬ್ಬಿನ ಬಿಲ್ಲು ತಗೋತೀವಿ. ಫ್ಯಾಕ್ಟರಿ ಸಕ್ಕರೆ ಮಾತ್ರ ಮಾಡಿ ಸುಮ್ಮನೆ ಕೂತಿರೋದಿಲ್ಲ. ಡಿಸ್ಟಿಲರಿಯೂ ಓಡುತ್ತದೆ. ಕಾಕಂಬಿಯ ರೊಕ್ಕವೂ ನಮ್ಮ ಬಿಲ್ಲಿನೊಳಗೇ ಬಂದಿದೆ. ಮನೆಯ ಅಟ್ಟ, ಬೋರು, ಅಕ್ಕನ ಮದುವೆ ಎಲ್ಲ ಅದರಲ್ಲೇ ಆಗಿದ್ದು. ಈಗ ಹುಡುಗಿ ಕೆಲಸಕ್ಕೆ ಹೋಗುತ್ತೇನೆ ಅಂದರೆ ಮಾತ್ರ ವ್ರತ ನೆನಪಾಗುತ್ತದೆಯಾ?"

ಅವ್ವ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ವ್ರತದ ಮಾತ ಬಿಡು. ನಿನಗ ಹೊಲಕ್ಕ ಬರ್ತಿದ್ದ ಕಾಕಾನ ನೆನಪೈತಿಲ್ಲ?" ಅಂದಳು.

ನೆನಪಿದೆ. ನಮ್ಮ ಹೊಲಕ್ಕೆ ಕಬ್ಬು ನೆಡಲು, ರವದಿ ಎತ್ತಲು ಬರುತ್ತಿದ್ದವರು. ನಾವು ಮಕ್ಕಳೆಲ್ಲ ಕಾಕಾ ಅಂತಲೇ ಕರೆಯುತ್ತಿದ್ದೆವು. ಕೈ ಬಹಳ ಚುರುಕು. ಸಂಜೆ ಕೂಲಿ ಸಿಕ್ಕಿದ ಕೂಡಲೇ ಸಾರಾಯಿ ಅಂಗಡಿ. ಆಗ ಸಾರಾಯಿ ಸಣ್ಣ ಪ್ಲಾಸ್ಟಿಕ್ ಪಾಕೀಟಿನಲ್ಲಿ ಬರುತ್ತಿತ್ತು. 2007ರ ಜುಲೈ ಒಂದರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು. ಆದರೆ ನಮ್ಮದು ಗಡಿ ಊರು, ಹೊಳೆ ದಾಟಿದರೆ ಆ ರಾಜ್ಯದ 'ದೇಶಿ' ಕಾಯ್ದೆ ಪ್ರಕಾರವೇ ಸಿಗುತ್ತಿತ್ತು. ಬಂದ್ ಆಗಿ ಎರಡು ವರ್ಷಕ್ಕೆ ಕಾಕಾ ತೀರಿಕೊಂಡರು. ನಲವತ್ತೈದೂ ಆಗಿರಲಿಲ್ಲ. ಆಮೇಲೆ ಅವರ ಹೆಂಡತಿ ಅದೇ ಕೆಲಸಕ್ಕೆ ಬಂದರು, ಇವತ್ತಿಗೂ ಬರುತ್ತಾರೆ.

"ಪಾಕೀಟ ಹಲ್ಲಿಲೆ ಹರೀತಿದ್ದ. ಬಂದಾರಿಮ್ಯಾಲ ಬಿದ್ದ ಪಾಕೀಟಿನ ತುದಿಗೆ ಹಲ್ಲಿನ ಗುರ್ತ ಇರ್ತಿತ್ತು" ಅಂದಳು ಅವ್ವ. "ಅದೂ ಇದ ಕಾಕಂಬೀದ ಹೌದಿಲ್ಲೊ?"

ಹೌದು. ಅದೂ ಇದೇ ಕಾಕಂಬಿಯದು. ಪಾಕೀಟಿನಲ್ಲಿದ್ದದ್ದೂ ಬಾಟಲಿಯಲ್ಲಿರುವುದೂ ಒಂದೇ ಹೊಲದಿಂದ ಹೊರಟದ್ದು. ಒಂದಕ್ಕೆ ನೀರು ಬೆರೆಸಿದರು, ಇನ್ನೊಂದಕ್ಕೆ ಚಹಾ ಎಲೆ ಹಾಕಿದರು. ಇಷ್ಟು ಹೊತ್ತು ನಾನು ಹಾಕಿದ ಲೆಕ್ಕದಲ್ಲಿ ಟನ್ನು, ಲೀಟರು, ರೂಪಾಯಿ ಎಲ್ಲ ಇದ್ದವು. ಅವ್ವನ ಲೆಕ್ಕ ಬೇರೆ ಇತ್ತು.

ಅಷ್ಟರಲ್ಲಿ ಅಕ್ಕನ ಮಗಳೇ ಮಾತಿಗೆ ಬಂದಳು. "ಆಯಿ, ನಾ ಮಾಡೂದು ಕಾಕಾ ಕುಡಿಯುವಂಥಾದ್ದಲ್ಲ. ಅಷ್ಟು ರೊಕ್ಕ ಕೊಟ್ಟು ಕೊಳ್ಳೋ ಮಂದಿ ವಾರಕ್ಕೊಮ್ಮೆ ಒಂದು ಗ್ಲಾಸ ಕುಡೀತಾರ."

"ಶ್ರೀಮಂತರ ಲಿವರ್ ಬ್ಯಾರೆ ಇರ್ತದೇನವಾ?" ಅಂದಳು ಅವ್ವ. ಅಕ್ಕ ನಕ್ಕುಬಿಟ್ಟಳು. ಹುಡುಗಿ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, "ಇಲ್ಲ ಆಯಿ, ಒಂದ ಇರ್ತದ. ನಾ ಅದನ್ನ ಓದೇನಿ. ಆದರ ಇಲ್ಲೇ ಹತ್ರದ ಡಿಸ್ಟಿಲರಿಯಾಗ ನೌಕರಿ ಸಿಕ್ಕಿದ್ರ ನೀ ಪೇಢೆ ಹಂಚತಿದ್ದಿ. ಅಲ್ಲಿ ಮಾಡಿದ್ದು ಎಲ್ಲಿ ಹೋಗ್ತದಂತ ಕೇಳ್ತಿರಲಿಲ್ಲ. ಇದು ಎಲ್ಲಿ ಹೋಗ್ತದ, ಯಾರು ಕುಡೀತಾರ, ಎಲ್ಲಾ ಬಾಟಲಿ ಮ್ಯಾಲ ಬರದ ಮಾರ್ತಾರ. ಅದಕ್ಕ ನಿನಗ ಕಾಣಾಕತ್ತೈತಿ."

ಅವ್ವ ಉತ್ತರ ಕೊಡಲಿಲ್ಲ. ನಾನೂ ಸುಮ್ಮನಾದೆ. ನಮ್ಮ ಕಡೆ ಡಿಸ್ಟಿಲರಿ ಕಣ್ಣಿಗೆ ಕಾಣುವುದಕ್ಕಿಂತ ಮೂಗಿಗೆ ಗೊತ್ತಾಗುತ್ತದೆ. ಒಂದು ಲೀಟರ್ ಮದ್ಯಸಾರ ಮಾಡಿದರೆ ಎಂಟರಿಂದ ಹದಿನೈದು ಲೀಟರ್ ಕಪ್ಪು ತ್ಯಾಜ್ಯ ನೀರು ಉಳಿಯುತ್ತದೆ. ಅದನ್ನು ಶುದ್ಧ ಮಾಡುವುದೇ ದೊಡ್ಡ ಕೆಲಸ. ಗಾಳಿ ತಿರುಗಿದ ರಾತ್ರಿ ವಾಸನೆ ಬಂದರೆ ಕಿಟಕಿ ಹಾಕಿಕೊಂಡು ಮಲಗುತ್ತೇವೆ. ಬೆಳಿಗ್ಗೆ ಅದರ ಮಾತು ಆಡುವುದಿಲ್ಲ. ಪೇಟೆಯವರು ಬಾಟಲಿಯಲ್ಲಿ ಕಬ್ಬನ್ನು ಮುಚ್ಚಿಡುತ್ತಾರೆ ಅಂತ ನಾನು ಸಿಟ್ಟಾಗಿದ್ದೆ. ನಾವು ನಮ್ಮ ಕಬ್ಬಿನಲ್ಲಿ ಸೆರೆಯನ್ನು ಮುಚ್ಚಿಟ್ಟುಕೊಂಡಿದ್ದೇವೆ ಅಂತ ಹುಡುಗಿ ಹೇಳುತ್ತಿದ್ದಳು.

ಮರುದಿನ ಅವಳು ಒಂದು ಪ್ರಯೋಗ ಮಾಡಿದಳು. ನೀಲಗಿರಿಯ ಇಡೀ ಎಲೆಯ ಚಹಾ ತಂದಿದ್ದಳು. ಎರಡು ಚಮಚ ಎಲೆಯನ್ನು ಒಂದು ತಂಬಿಗೆ ತಣ್ಣೀರಿಗೆ ಹಾಕಿ ಮುಚ್ಚಿಟ್ಟು ನಾಲ್ಕು ತಾಸು ಬಿಟ್ಟಳು. ಕುದಿಸಲೇ ಇಲ್ಲ. ತಣ್ಣೀರಿನಲ್ಲಿ ಒಗರು ಕಡಿಮೆ ಇಳಿಯುತ್ತದಂತೆ. ಬೇರೆ ಪಾತ್ರೆಯಲ್ಲಿ ಒಂದು ಚಮಚ ಧನಿಯಾ ಹುರಿದು ಜಜ್ಜಿ, ಎರಡು ಏಲಕ್ಕಿ, ನಿಂಬೆಯ ಹಸಿರು ಸಿಪ್ಪೆ ಹಾಕಿ ಸ್ವಲ್ಪ ನೀರಿನಲ್ಲಿ ಕುದಿಸಿ ಆರಿಸಿದಳು. ಎರಡನ್ನೂ ಸೋಸಿ ಬೆರೆಸಿ, ನಿಂಬೆ ಹಿಂಡಿ, ಜೇನಿನ ಬದಲು ಕಾಕವಿ ಎರಡು ಚಮಚ. ಕುಡಿಯುವಾಗ ಮೇಲೆ ಸೋಡ. "ಜುನಿಪರ್ ಮತ್ತ ಮದ್ಯಸಾರ ಬಿಟ್ಟು ಉಳದದ್ದು ಇಷ್ಟ ನೋಡ ಆಯಿ. ನನ್ನ ಕೆಲಸ ಈ ಭಾಗದ್ದು" ಅಂತ ಲೋಟ ಕೈಗೆ ಕೊಟ್ಟಳು.

ಅವ್ವ ಮೂಸಿದಳು, ಒಂದು ಗುಟುಕು ಕುಡಿದಳು, ಮತ್ತೊಂದು ಕುಡಿದಳು. "ಧನಿಯಾ ಮುಂದ ಬಂತು. ಕಡಿಮಿ ಹಾಕು" ಅಂದಳು. ಇಡೀ ಲೋಟ ಮುಗಿಸಿ ಕೆಳಗಿಟ್ಟ ಮೇಲೆ ಕೇಳಿದಳು. "ಬಾಟಲಿ ಮ್ಯಾಲ ಚಾದ ತ್ವಾಟದ ಹೆಸರ ಬರೀತಾರಂತಲ್ಲ, ಕಬ್ಬಿನ ಊರಿನ ಹೆಸರ ಬರೀತಾರೇನು?"

"ಇಲ್ಲ ಆಯಿ."

ನಾನು ಖುಷಿಯಾದೆ. ನನ್ನ ಮಾತು ಕೊನೆಗೂ ಅವ್ವನಿಗೆ ತಟ್ಟಿತು ಅಂತ.

"ಚಲೋ ಆತು. ಬರೀಬ್ಯಾಡ್ರಿ. ನಮ್ಮ ಊರ ಹೆಸರ ಅದರ ಮ್ಯಾಲ ಬ್ಯಾಡ" ಅಂದು ಎದ್ದು ಒಳಗೆ ಹೋದಳು.

ನಾನು ಈಗಲೂ ಬರೆಯಬೇಕು ಅನ್ನುವವನೇ. ಬರೆದರೆ ಕುಡಿಯುವವನಿಗೆ ಹೊಲ ಗೊತ್ತಾಗುತ್ತದೆ, ಬೆಳೆಯುವವನಿಗೆ ತನ್ನ ಬೆಳೆ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ. ಒಂದು ವೇಳೆ ಬೆಲೆಯೂ ಸ್ವಲ್ಪ ನ್ಯಾಯವಾಗಿ ಸಿಕ್ಕೀತು. ಅವ್ವ ಹೇಳುವುದೂ ನನಗೆ ಅರ್ಥವಾಗುತ್ತದೆ. ಕಾಕಾನ ಹೆಂಡತಿ ಇನ್ನೂ ಬರುವ ಹೊಲದ ಹೆಸರನ್ನು ಅವಳು ಬಾಟಲಿಯ ಮೇಲೆ ನೋಡಲಾರಳು. ಇಬ್ಬರಲ್ಲಿ ಯಾರು ಸರಿ ಅಂತ ಹಟ ಹಿಡಿದು ಕೂರುವ ಮನಸ್ಸು ನನಗಿಲ್ಲ.

ಹುಡುಗಿ ಒಂದನೆಯ ತಾರೀಖಿಗೆ ಗೋವಾಕ್ಕೆ ಹೊರಡುತ್ತಾಳೆ. ಅವ್ವ ಹೂಂ ಅಂದಿಲ್ಲ, ಬೇಡ ಅನ್ನುವುದನ್ನೂ ನಿಲ್ಲಿಸಿದ್ದಾಳೆ. ನಿನ್ನೆ ಅಕ್ಕ ಫೋನಿನಲ್ಲಿ ಹೇಳಿದಳು, ಅವ್ವ ಬುತ್ತಿಗೆ ಅಂತ ಕಡಕ್ ರೊಟ್ಟಿ ಬಡಿಯಲು ಶುರು ಮಾಡಿದ್ದಾಳಂತೆ. ಮೊದಲ ಸಂಬಳದಲ್ಲಿ ತನಗೆ ಏನೂ ತರಬಾರದು, ಕಾಕಾನ ಹೆಂಡತಿಗೆ ಒಂದು ಸೀರೆ ತರಬೇಕು ಅಂತ ಹೇಳಿದ್ದಾಳಂತೆ.

ಮೇಲಿನ ಚಾ ಪಾನಕ ಮಾತ್ರ ಮಾಡಿ ನೋಡಿ, ಬೇಸಿಗೆಗೆ ಬಹಳ ಚಲೋ. ಕಾಕವಿ ಸಿಗದಿದ್ದರೆ ಬೆಲ್ಲ ಕರಗಿಸಿ ಹಾಕಿ. ಧನಿಯಾ ಅರ್ಧ ಚಮಚ ಸಾಕು.